ಮಂಟೇಸ್ವಾಮಿ ಮೇಷ್ಟ್ರ ಮೇಲ್ಮನವಿ

ನಂಜನಗೂಡಿನ ಟೈಪಿಂಗ್ ಮೇಷ್ಟ್ರು ಮಂಟೇಸ್ವಾಮಿಯವರಿಗೆ ಆ ನೋಟಿಸು ಸಿಕ್ಕಿದ್ದು ಇಡ್ಲಿ ಹಿಟ್ಟಿನ ಪಾತ್ರೆಯ ಅಡಿಯಲ್ಲಿ.

ಅವರ ನಂಜುಂಡೇಶ್ವರ ಟೈಪಿಂಗ್ ಇನ್‌ಸ್ಟಿಟ್ಯೂಟು ಮಹಡಿಯ ಮೇಲೆ. ಮೆಟ್ಟಿಲ ಕೆಳಗೆ ಸಣ್ಣತಾಯಮ್ಮನ ಇಡ್ಲಿ ವ್ಯಾಪಾರ. ಶುಕ್ರವಾರ ಬೆಳಿಗ್ಗೆ ಆಕೆ ಹಿಟ್ಟಿನ ಪಾತ್ರೆ ಎತ್ತಿದಾಗ ತಳಕ್ಕೆ ಅಂಟಿಕೊಂಡು ಒಂದು ಕಂದು ಲಕೋಟೆಯೂ ಮೇಲೆದ್ದಿತು.

“ಅಯ್ಯೋ, ಮರ್ತೇ ಓಗಿತ್ತು ಕಣ್ ಮೇಷ್ಟ್ರೆ! ಓದ್ ಶನ್ವಾರ ಯಾರೋ ಆಪೀಸ್ನೋರು ಬಂದಿದ್ರು. ನೀವು ಇರ್ನಿಲ್ಲ. ನಾನೇ ಎಬ್ಬೆಟ್ ಒತ್ತಿ ಈಸ್ಕಂಡೆ.”

ಮೇಷ್ಟ್ರು ಹಿಟ್ಟು ಕೆರೆದು ಓದಿದರು. ‘ಮಾಲೀಕರು, ನಂಜುಂಡೇಶ್ವರ ಇನ್‌ಸ್ಟಿಟ್ಯೂಟ್, ಮೊದಲನೇ ಮಹಡಿ. ತಮ್ಮ ತರಬೇತಿ ಕೇಂದ್ರದಲ್ಲಿ ಅಗ್ನಿ ಸುರಕ್ಷತಾ ಕ್ರಮಗಳು ಇಲ್ಲದಿರುವುದು ಕಂಡುಬಂದಿದೆ. ಏಳು ದಿನಗಳೊಳಗೆ ಸರಿಪಡಿಸತಕ್ಕದ್ದು ಅಥವಾ ಮೇಲ್ಮನವಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಬೀಗಮುದ್ರೆ ಹಾಕಲಾಗುವುದು.’ ಕೆಳಗಿದ್ದ ತಾರೀಖು ಲೆಕ್ಕ ಹಾಕಿದರೆ ಏಳನೇ ದಿನ ಅಂದೇ. ಮೇಲ್ಮನವಿ ಕೇಳುವ ಅಧಿಕಾರಿ ಶುಕ್ರವಾರಗಳಂದು ಕೂರುವುದು ತಿರುಮಕೂಡಲು ನರಸೀಪುರದಲ್ಲಿ.

ಮೇಷ್ಟ್ರು ಬೆರಳು ಮಡಚಿ ಇನ್ನೊಂದು ಸಲ ಎಣಿಸಿದರು. ಊರಿಗೆ ಕಂಪ್ಯೂಟರ್ ಕಾಲಿಟ್ಟ ಮೇಲೆ ಎಂಟು ಟೈಪ್‌ರೈಟರುಗಳಲ್ಲಿ ಮೂರು ಬಾಯಿ ಮುಚ್ಚಿಕೊಂಡು ಕೂತಿದ್ದವು. ಉಳಿದ ಐದನ್ನು ನಂಬಿಕೊಂಡು ಹತ್ತೊಂಬತ್ತು ಹುಡುಗಿಯರು ಸೀನಿಯರ್ ಪರೀಕ್ಷೆಗೆ ಕಟ್ಟಿದ್ದರು. ಪರೀಕ್ಷೆಗೆ ಹತ್ತೇ ದಿನ. ಈಗ ಬೀಗ ಬಿದ್ದರೆ ಅವರ ವರ್ಷವೂ ಹೋಯಿತು, ತಮ್ಮ ಹೊಟ್ಟೆಪಾಡೂ ಹೋಯಿತು.

ಓಡಿ ಮೇಲೆ ಹೋಗಿ ಮಷೀನಿಗೆ ಹಾಳೆ ಏರಿಸಿದರು. ‘ಪರೀಕ್ಷೆ ಮುಗಿಯುವವರೆಗೆ ಒಂದು ತಿಂಗಳ ಕಾಲಾವಕಾಶ ಕೊಡಬೇಕಾಗಿ ಪ್ರಾರ್ಥನೆ.’ ಎರಡು ಸಾಲು. ಸಹಿ ಹಾಕಬೇಕು, ಅಷ್ಟರಲ್ಲಿ ಎದುರುಮನೆಯ ಗಂಗಾಧರಸ್ವಾಮಿ ಮೆಟ್ಟಿಲೇರಿ ಬಂದರು. ಕೋರ್ಟಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಬೀದಿಯಲ್ಲಿ ಯಾರಿಗೆ ಕಾಗದ ಬಂದರೂ ನೊಣಕ್ಕೆ ಬೆಲ್ಲ ಗೊತ್ತಾದ ಹಾಗೆ ಅವರಿಗೆ ಗೊತ್ತಾಗಿಬಿಡುತ್ತಿತ್ತು.

“ಏನ್ರೀ ಇದು, ಅಪೀಲೋ ರಜಾ ಚೀಟಿಯೋ? ಅಪೀಲು ಅಂದ್ರೆ ತೂಕ ಇರ್ಬೇಕು ಕಣ್ರೀ. ಒಂದೊಂದು ಆಕ್ಷೇಪಣೆಗೂ ಸಮಜಾಯಿಷಿ ಬೇಕು. ಬೇರೆ ಹಾಳೆ ಹಾಕಿ, ನಾನು ಹೇಳ್ತೀನಿ.”

“ಟೈಮಿಲ್ಲ ಸ್ವಾಮ್ಯೋರೇ, ಬಸ್ಸು...”

“ಹಾಕ್ರೀ! ‘ಮೆಟ್ಟಿಲು ಮರದ್ದಾಗಿದ್ದು, ಒಂದು ಸಲಕ್ಕೆ ಒಬ್ಬರು ಮಾತ್ರ ಇಳಿಯುವಷ್ಟು ಕಿರಿದಾಗಿರುತ್ತದೆ. ಆದಕಾರಣ ಇಲ್ಲಿ ನೂಕುನುಗ್ಗಲಾಗುವ ಸಂಭವವೇ ಇರುವುದಿಲ್ಲ.’ ಹೆಂಗೆ?”

ಮೇಷ್ಟ್ರಿಗೆ ಹೇಗೋ ಅನ್ನಿಸಿತು. ಆದರೆ ಕೋರ್ಟು ಕಂಡವರ ಮಾತು. ಟೈಪ್ ಮಾಡಿದರು. ಹತ್ತೊಂಬತ್ತು ಹುಡುಗಿಯರು ಮಹಡಿಯ ಮೇಲೆ ಅಭ್ಯಾಸ ಮಾಡುತ್ತಾರೆ ಎಂಬುದು ಬಿತ್ತು. ಹಿಂಬದಿಯ ಕಿಟಕಿಗೆ ಕಳ್ಳರ ಭಯಕ್ಕೆ ಕಬ್ಬಿಣದ ಸರಳು ಬಡಿದಿರುವುದರಿಂದ ಆಸ್ತಿಪಾಸ್ತಿ ಭದ್ರವಾಗಿದೆ ಎಂಬುದೂ ಬಿತ್ತು. ಹನ್ನೆರಡು ವರ್ಷದ ಅಭ್ಯಾಸದ ಹಾಳೆಗಳನ್ನು ಅಟ್ಟದ ಮೇಲೆ ಜೋಪಾನವಾಗಿ ಪೇರಿಸಿಟ್ಟಿರುವುದು ಸಂಸ್ಥೆಯ ಶಿಸ್ತಿಗೆ ಸಾಕ್ಷಿ ಎಂಬುದೂ ಬಿತ್ತು. ಮರಳಿನ ಬಕೆಟ್ಟುಗಳು ಇವೆ, ಮರಳು ಮಾತ್ರ ಹೋದ ವರ್ಷ ಗೋಡೆ ಗಾರೆಗೆ ಖರ್ಚಾಯಿತು ಎಂಬ ಸತ್ಯವೂ ಬಿತ್ತು.

“ಸತ್ಯ ಹೇಳಿದ್ರೆ ಅಧಿಕಾರಿಗಳಿಗೆ ನಂಬಿಕೆ ಬರುತ್ತೆ,” ಎಂದರು ಗಂಗಾಧರಸ್ವಾಮಿ. ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟೂ ಬಿಟ್ಟರು. ಸಣ್ಣತಾಯಮ್ಮನೂ ಒಲೆ ಆರಿಸಿ ಎದ್ದಳು. “ನನ್ನಿಂದ ತಾನೆ ತಡ ಆಗಿದ್ದು? ನಾನೂ ಬತ್ತೀನಿ, ಸಾಕ್ಷಿ ಹೇಳ್ತೀನಿ.”

ನರಸೀಪುರದ ಬಸ್ಸು ಅರ್ಧ ದಾರಿಯಲ್ಲಿ ಪಂಕ್ಚರ್ ಆಗಿ ಒಂದು ಪಕ್ಕಕ್ಕೆ ವಾಲಿ ನಿಂತಿತು. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಮೇಷ್ಟ್ರು ರಸ್ತೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದರೆ, ಗಂಗಾಧರಸ್ವಾಮಿ ಹುಣಸೆಮರದ ನೆರಳಲ್ಲಿ ಕೂತು ಅಪೀಲನ್ನು ಸಣ್ಣತಾಯಮ್ಮನಿಗೆ ಓದಿ ಹೇಳಿದರು. ಆಕೆಯ ಮುಖ ಸಪ್ಪಗಾಯಿತು.

“ಎಲ್ಲಾ ಬರ್ದಿದ್ದೀರಿ, ನನ್ ಎಸ್ರೇ ಇಲ್ವಲ್ಲ?”

“ಅದೂ ಸರಿ,” ಎಂದ ಗಂಗಾಧರಸ್ವಾಮಿ ಪೆನ್ನು ತೆಗೆದು ಅಡಿಯಲ್ಲಿ ಸೇರಿಸಿದರು: ‘ಮೆಟ್ಟಿಲ ಕೆಳಗೆ ಸಣ್ಣತಾಯಮ್ಮ ಎಂಬವರು ಹನ್ನೆರಡು ವರ್ಷಗಳಿಂದ ಸೀಮೆಎಣ್ಣೆ ಸ್ಟೌವ್ ಉರಿಸುತ್ತಿದ್ದು, ಬೆಂಕಿಯ ಮೇಲೆ ಸದಾ ಒಬ್ಬರ ಕಣ್ಣು ಇದ್ದೇ ಇರುತ್ತದೆ.’

ಮೇಷ್ಟ್ರಿಗೆ ಓದಿ ನೋಡಲು ಪುರುಸೊತ್ತಾಗಲಿಲ್ಲ. ಬಾಳೆಗೊನೆ ತುಂಬಿದ್ದ ಟೆಂಪೊ ಒಂದು ನಿಂತಿತ್ತು. ಮೂವರೂ ಗೊನೆಗಳ ನಡುವೆ ತೂರಿಕೊಂಡರು. ನರಸೀಪುರದಲ್ಲಿ ಇಳಿದಾಗ ಮೇಷ್ಟ್ರ ಬಿಳಿ ಅಂಗಿಯ ಮೇಲೆ ಬಾಳೆಕಾಯಿಯ ಸೊನೆ ಭೂಪಟ ಬರೆದಿತ್ತು.

ಆಫೀಸಿನಲ್ಲಿ ಗುಮಾಸ್ತ ಊಟಕ್ಕೆ ಏಳುತ್ತಿದ್ದ. “ಮೂರು ಗಂಟೆ ಮೇಲೆ ಬನ್ನಿ.”

“ಕೈ ಮುಗೀತೀನಿ ಸಾರ್. ಒಂದು ಸೀಲ್ ಒತ್ತಿ, ನಂಬರ್ ಹಾಕ್ಬುಡಿ. ಇವತ್ತೇ ಬಂದಿದ್ದು ಅಂತ ದಾಖಲೆ ಆಗ್ಲಿ, ಅಷ್ಟು ಸಾಕು!” ಮೇಷ್ಟ್ರ ಧ್ವನಿ ಅಳುವಿಗೆ ಹತ್ತಿರವಾಗಿತ್ತು. ಗುಮಾಸ್ತ ಗೊಣಗುತ್ತಲೇ ಅಪೀಲಿನ ಕೊನೆಯ ಹಾಳೆಯಲ್ಲಿ ಸಹಿ ಹಾಕಿಸಿಕೊಂಡು, ರಿಜಿಸ್ಟರಿನಲ್ಲಿ ಬರೆದುಕೊಂಡು, ಠಪ್ಪೆಂದು ಸೀಲು ಗುದ್ದಿದ. ಮೇಷ್ಟ್ರಿಗೆ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸರಿಯಾಗಿ ಆಡಿತು.

ಮೂರೂವರೆಗೆ ಒಳಗೆ ಕರೆದರು. ಅಧಿಕಾರಿ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಅಪೀಲನ್ನು ಒಂದು ಸಲ ಓದಿದರು. ಮೇಷ್ಟ್ರ ಮುಖ ನೋಡಿದರು. ಕೆಂಪು ಪೆನ್ಸಿಲ್ ಹಿಡಿದು ಇನ್ನೊಂದು ಸಲ ಓದಿದರು.

“ಇದರಲ್ಲಿರೋದೆಲ್ಲ ನಿಜಾನಾ?”

“ಒಂದಕ್ಷರ ಸುಳ್ಳಿಲ್ಲ ಮೇಡಂ.”

“ಸುಳ್ಳಾದ್ರೆ ನನ್ ನಾಲ್ಗೆ ಬಿದ್ದೋಗ್ಲಿ ಕಣವ್ವ,” ಎಂದು ಸಣ್ಣತಾಯಮ್ಮ ಸಾಕ್ಷಿ ನುಡಿದಳು. “ಆ ಸ್ಟೌ ನಂದೇಯ.”

ಮೇಡಂ ಫೈಲು ತರಿಸಿ, ನೋಟಿಸಿನ ಜೊತೆ ಇಟ್ಟು ನೋಡಿದರು. ಹುಬ್ಬು ಗಂಟಾಯಿತು.

“ರೀ ಮೇಷ್ಟ್ರೇ, ನಿಮ್ಮ ಕಟ್ಟಡದ ನಂಬರ್ ಎಷ್ಟು?”

ಮೇಷ್ಟ್ರು ಹೇಳಿದರು.

“ಈ ನೋಟಿಸು ನಿಮ್ಮದಲ್ಲ. ಇದು ಸೇತುವೆ ಹತ್ತಿರದ ನಂಜುಂಡೇಶ್ವರ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿಂದು. ಯಾರಿಗೋ ಕೊಡೋದನ್ನ ನಿಮಗೆ ಕೊಟ್ಟಿದ್ದಾರೆ. ನೀವು ನಮ್ಮ ಲಿಸ್ಟಿನಲ್ಲೇ ಇಲ್ಲ. ನಿಮ್ಮ ಕಡೆಗೆ ಯಾರೂ ಇನ್‌ಸ್ಪೆಕ್ಷನ್ನಿಗೇ ಬಂದಿಲ್ಲ.”

ಮೇಷ್ಟ್ರಿಗೆ ಕುಣಿಯಬೇಕೆನಿಸಿತು. ತಮ್ಮ ಶಿಷ್ಯರನ್ನೆಲ್ಲ ಸೆಳೆದುಕೊಂಡ ಆ ಕಂಪ್ಯೂಟರಿನವನಿಗೇ ಬಂದ ನೋಟಿಸು! ಗಂಗಾಧರಸ್ವಾಮಿಯ ಬೆನ್ನಿಗೆ ಗುದ್ದಿಯೇ ಬಿಟ್ಟರು. “ದೊಡ್ಡ ಉಪಕಾರ ಆಯ್ತು ಮೇಡಂ. ಹಂಗಾದ್ರೆ ನಮ್ ಅರ್ಜಿ ವಾಪಸ್ ಕೊಟ್ಬುಡಿ, ಹೊರಡ್ತೀವಿ.”

ಮೇಡಂ ಕೈ ಅಪೀಲಿನ ಮೇಲಿಂದ ಕದಲಲಿಲ್ಲ.

“ಹೆಂಗ್ರೀ ಕೊಡೋದು? ಸೀಲ್ ಬಿದ್ದಿದೆ. ರಿಜಿಸ್ಟರಲ್ಲಿ ನಂಬರ್ ಆಗಿದೆ. ಮರದ ಮೆಟ್ಟಿಲು, ಅದರ ಕೆಳಗೆ ಸೀಮೆಎಣ್ಣೆ ಸ್ಟೌವ್, ಅಟ್ಟದ ತುಂಬ ಕಾಗದ, ಕಿಟಕಿಗೆ ಸರಳು, ಖಾಲಿ ಬಕೆಟ್ಟು. ಹತ್ತೊಂಬತ್ತು ಹೆಣ್ಣುಮಕ್ಕಳು ಮೇಲೆ ಕೂತಿರ್ತಾರೆ. ಇದನ್ನ ಓದಿಯೂ ಸುಮ್ಮನಿದ್ದರೆ ನಾಳೆ ನನ್ನ ಕೆಲಸ ಹೋಗುತ್ತೆ. ಇನ್ನು ಇನ್‌ಸ್ಪೆಕ್ಷನ್ ಬೇಕಾಗಿಲ್ಲ. ಅದನ್ನ ನೀವೇ ಮಾಡಿಕೊಟ್ಟಿದ್ದೀರಿ.”

ಮೇಷ್ಟ್ರು ಗಂಗಾಧರಸ್ವಾಮಿಯ ಕಡೆ ತಿರುಗಿದರು. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದರು.

“ಮೇಡಂ, ಪರೀಕ್ಷೆ ಆಗೋತನಕ ಆದ್ರೂ...”

“ಪರೀಕ್ಷೆ ತನಕ ಅಭ್ಯಾಸಕ್ಕೆ ನೆಲದ ಮೇಲಿನ ಒಂದು ರೂಮು ನೋಡಿಕೊಳ್ಳಿ, ಅಲ್ಲಿಗೆ ಮಷೀನು ಇಳಿಸಿ. ಮಹಡಿಗೆ ಮಾತ್ರ ಹೊಸ ನೋಟಿಸು ಇವತ್ತೇ ಹೊರಡಬೇಕು.” ಮೇಡಂ ಗಂಟೆ ಒತ್ತಿದರು. ಯಾರೂ ಬರಲಿಲ್ಲ. ಆಗ ನೆನಪಾಯಿತು. “ಛೆ, ನಮ್ಮ ಟೈಪಿಸ್ಟ್ ರಜಾ.” ಮೂಲೆಯ ಟೈಪ್‌ರೈಟರನ್ನೂ ಮೇಷ್ಟ್ರನ್ನೂ ನೋಡಿದರು. “ನೀವು ಒಂದು ಉಪಕಾರ ಮಾಡಿ. ಹೇಳ್ತೀನಿ, ಹೊಡೀರಿ. ಮೂರು ಕಾರ್ಬನ್ ಕಾಪಿ ಇರಲಿ.”

ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡರು. ಹೋಗಿ ಕೂತರು. ‘ಏಳು ದಿನಗಳೊಳಗೆ’ ಎಂಬಲ್ಲಿ ‘ಎಪ್ಪತ್ತು’ ಎಂದು ಹೊಡೆದುಬಿಡೋಣವೇ ಅನ್ನಿಸಿತು. ಮನಸ್ಸು ಅದನ್ನು ತೀರ್ಮಾನಿಸುವಷ್ಟರಲ್ಲಿ, ಇಪ್ಪತ್ತು ವರ್ಷದಿಂದ ತಪ್ಪು ಮಾಡಿ ಗೊತ್ತಿಲ್ಲದ ಬೆರಳುಗಳು ‘ಏಳು’ ಹೊಡೆದು ‘ಬೀಗಮುದ್ರೆ’ಯವರೆಗೆ ಮುಟ್ಟಿಬಿಟ್ಟಿದ್ದವು.

ಮೇಡಂ ಹಾಳೆ ಎತ್ತಿ ನೋಡಿದರು. ಒಂದು ಅಕ್ಷರ ತಿದ್ದುವಂತಿರಲಿಲ್ಲ. “ಎಂಥ ಟೈಪಿಂಗು ರೀ!” ಎಂದರು.

ಸಣ್ಣತಾಯಮ್ಮ ಹೆಮ್ಮೆಯಿಂದ ಉಬ್ಬಿಹೋದಳು.

“ನಮ್ ಮೇಷ್ಟ್ರು ಅಂದ್ರೆ ಏನಂದ್ಕಂಡ್ರವ್ವ? ಬರ್ಯೋದ್ರಲ್ಲಿ ಅವ್ರನ್ ಮೀರ್ಸೋರಿಲ್ಲ!”