ದ್ವೀಪದ ಕುರಿಯೂ ಮಸಗುಪ್ಪಿಯ ಮರಿಯೂ

ಸಾಹೇಬರ ಅಡುಗೆಮನೆಯಲ್ಲಿ ಒಲೆ ಊದಿದವನು ನಗಲು ಬೇರೆಲ್ಲೂ ಹೋಗಬೇಕಿರಲಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ತಾಟಿಗೆ ಬಂದು ಬೀಳುತ್ತಿತ್ತು. ನಾನು ಮಸಗುಪ್ಪಿಯ ಕುರಿಗಾರರ ಮನೆಯವನು. ಹತ್ತಿರದ ಗೋಕಾಕದಲ್ಲಿದ್ದ ಕಾಲುವೆ ಇಂಜಿನಿಯರ್ ಸಾಹೇಬರಿಗೆ ನಮ್ಮೂರ ಮರಿಯನ್ನೇ ತಂದು ಅಡುಗೆ ಮಾಡುತ್ತಿದ್ದೆ. ಅವರು ಉತ್ತರದ ಕಡಲಿನ ಯಾವುದೋ ಸಣ್ಣ ದ್ವೀಪದವರು. ಕೆಲಸಗಾರರ ನಡುವೆ ಇದ್ದು ನಮ್ಮ ಮಾತು ಕಲಿತಿದ್ದರು. ಏನು ಬಡಿಸಿದರೂ ಒಂದೇ ಮಾತು: "ಛಲೋ ಐತಿ. ಆದ್ರ ನಮ್ಮ ದ್ವೀಪದ ಕುರಿಮರಿ ರುಚಿ ಇಲ್ಲ." ನಮ್ಮ ಮರಿಗೆ ಅಂದದ್ದು ನನಗೇ ಅಂದಂತೆ ಚುಚ್ಚುತ್ತಿತ್ತು.

೧. ಉಪ್ಪು

"ನಿಮ್ಮ ಕುರಿ ಏನ್ ಮೇಯ್ತಾವ್ರಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಕಡಲ ಪಾಚಿ. ಅದಕ್ಕ ಮಾಂಸದಾಗ ಉಪ್ಪು ಮೊದಲ ಇರತೈತಿ."

ಮರುದಿನ ಉಪ್ಪು ಹಾಕದೆ ಬೇಯಿಸಿಟ್ಟೆ. ಸಾಹೇಬರು ಒಂದು ತುತ್ತು ತಿಂದು ತಲೆ ಎತ್ತಿದರು.

"ಉಪ್ಪು ಎಲ್ಲಿ?"

"ಮಾಂಸದಾಗ ಇರತೈತಿ ಅಂದ್ರಲ್ರಿ."

"ಅದು ನಮ್ಮ ದ್ವೀಪದ್ದು. ಇದು ಗೋಕಾಕದ್ದು."

"ಹಂಗಾರ ಇನ್ನ ಮ್ಯಾಲ ಗೋಕಾಕದ್ದನ್ನ ಗೋಕಾಕದವ್ರಂಗ ಮಾಡ್ತೇನ್ರಿ," ಎಂದು ಆಗಲೇ ಮೆಣಸಿನಕಾಯಿ ಕುಟ್ಟಲು ಹೋದೆ.

೨. ಕಣ್ಣೀರು

ಜೋಳದ ರೊಟ್ಟಿ, ಕೆಂಪಗೆ ಕುದಿದ ಮಾಂಸದ ಸಾರು. ಎರಡನೇ ತುತ್ತಿಗೆ ಸಾಹೇಬರ ಕಣ್ಣಲ್ಲಿ ನೀರು ಇಳಿಯಿತು. ಎದುರಿಗಿದ್ದ ಮೇಮ್‌ಸಾಹೇಬರು ಗಾಬರಿಯಾಗಿ ಏನೋ ಕೇಳಿದರು. ಅವರಿಗೆ ಉತ್ತರ ಕೊಟ್ಟು ಸಾಹೇಬರು ನನ್ನತ್ತ ತಿರುಗಿ ಹೇಳಿದರು: "ಯಾಕ ಅಳ್ತಿ ಅಂತ ಕೇಳಿದ್ಳು. ಊರು ನೆನಪಾತು ಅಂದೆ."

ನಂತರ ಬಟ್ಟಲು ನನ್ನತ್ತ ಚಾಚಿದರು. "ಇನ್ನೊಂದೀಟು ನೆನಸ್ಕೋತೇನಿ."

೩. ಅಜ್ಜನ ತೀರ್ಪು

ಇಷ್ಟಾದರೂ ಸಾಹೇಬರು ಸೋಲೊಪ್ಪಲಿಲ್ಲ. ಉಪ್ಪು ಹಚ್ಚಿ ಒಣಗಿಸಿದ ದ್ವೀಪದ ಮಾಂಸವನ್ನು ತಾಯಿಗೆ ಬರೆದು ಹಡಗಿನಲ್ಲಿ ತರಿಸಿದರು. ತೀರ್ಪು ಹೇಳಲು ಘೋಡಗೇರಿಯ ಕುರಿಗಾರ ಅಜ್ಜ ಬಂದ. ಒಂದು ತುಣುಕು ಬಾಯಿಗಿಟ್ಟರೆ ಕುರಿ ಯಾವ ಗುಡ್ಡದಲ್ಲಿ ಮೇದದ್ದು ಎಂದು ಹೇಳುವವನು.

ಅಜ್ಜ ಮೊದಲು ನಮ್ಮದನ್ನು ತಿಂದ. "ಮಸಗುಪ್ಪಿ ಮರಿ. ಹೊಳಿ ದಂಡಿ ಹುಲ್ಲು ಮೇದೈತಿ," ಎಂದ. ನನ್ನ ಎದೆ ಉಬ್ಬಿತು.

ಆಮೇಲೆ ದ್ವೀಪದ್ದು. ಎರಡು ತಾಸು ಕುದಿಸಿದ್ದರೂ ಅದು ಮೆತ್ತಗಾಗಿರಲಿಲ್ಲ. ಅಜ್ಜ ಅಗಿದ, ಮತ್ತೆ ಅಗಿದ. "ತಾಯಿ ಅಷ್ಟು ದೂರದಿಂದ ಕಳಿಸ್ಯಾಳ," ಎಂದು ತಾಟಿನಲ್ಲಿದ್ದದ್ದನ್ನೆಲ್ಲ ಬಾಯಿಗಿಟ್ಟ. ಸಾಹೇಬರ ಮುಖ ಅರಳಿತು.

"ಹೆಂಗೈತಿ, ಅಜ್ಜಾ?"

"ಇದನ್ನ ಕೊಯ್ದು ಎಷ್ಟು ದಿನಾತ್ರಿ, ಸಾಹೇಬ್ರ?"

"ಆರು ತಿಂಗಳಾತು."

ಅಜ್ಜ ದವಡೆ ಹಿಡಿದುಕೊಂಡು ನಿಧಾನವಾಗಿ ಹೇಳಿದ: "ಕುರಿ ಭಾಳ ಗಟ್ಟಿ ಐತ್ರಿ. ಬಾಯಾಗ ಇನ್ನೂ ಓಡಾಕತ್ತೈತಿ."