ನಿಂತ್ಕಂಡೇ ಮೊಳೆ ಹೊಡೆದ ಮಾಲತೇಶಪ್ಪ

ಕೇಳು ಕೊಟ್ಟೂರೇಶ, ಇದ್ರಾಗೆ ಒಂದು ಮಾತು ಸುಳ್ಳಿದ್ರೆ ಈ ಚಾದ ಲೋಟ ನನ್ನ ಕೈಯಾಗೇ ಒಡೀಲಿ. ಸ್ಟೀಲಿಂದು ಅಂತ ನಗಬ್ಯಾಡ.

ನಿಟ್ಟುವಳ್ಳಿ ಬಡಗಿ ಮಾಲತೇಶಪ್ಪನ ಸೊಂಟ ತುಕ್ಕು ಹಿಡಿದ ಮಡಚೋ ಕುರ್ಚಿ ಇದ್ದಂಗೆ. ಬಗ್ಗಿದ್ರೆ ಏಳಲ್ಲ, ಎದ್ದರೆ ಬಗ್ಗಲ್ಲ. ಸಿಟ್ಟು ಮಾತ್ರ ಎಣ್ಣೆ ಹಾಕಿದ ಬಾಗಿಲು, ಮುಟ್ಟೋದ್ರೊಳಗೆ ತೆಗೀತೈತೆ. ಎಸ್.ಎಸ್. ಬಡಾವಣೇಲಿ ಬಕ್ಕೇಶಪ್ಪನವರ ಹೊಸ ಮನೆಗೆ ತೇಗದ ಹಲಿಗೆ ನೆಲ ಹಾಕ್ತಿದ್ದ. ಒಂದು ರೂಮು ಮುಗಿಯೋದ್ರಾಗೆ ಅವನ್ನ ನಾಲ್ಕು ಮಡಿಕೆ ಮಾಡಿ ಆಟೋದಾಗೆ ಮನೆಗೆ ಕಳಿಸಿದ್ರು.

ಹೆಂಡ್ತಿ ದುರುಗವ್ವ ಬೆನ್ನಿಗೆ ಎಣ್ಣೆ ತಿಕ್ತಾ ಹೇಳಿದ್ಲು, "ಇನ್ನೊಂದು ಸಲ ಹಿಂಗೆ ಬಗ್ಗಿಕಂಡು ಬಾ, ನಿನ್ನ ಉಳಿ ಸುತ್ತಿಗೆ ಪೆಟ್ಟಿಗೆ ಸಮೇತ ಗುಜರಿಗೆ ಹಾಕ್ತೀನಿ." ಹೇಳಿದ್ದು ಮಾಡೋ ಹೆಂಗಸು. ಅವನ ಟೇಪ್ ರೆಕಾರ್ಡರ್ ಹಂಗೇ ಹೋಗಿತ್ತು.

ಎರಡು ದಿನ ಬಿಟ್ಟು, ಬೆಳಗ್ಗೆ ಬಸ್ಸಿಗೆ ಹರಿಹರಕ್ಕೆ ಹೋಗಿ ವೆಲ್ಡರ್ ಹಿದಾಯತ್‌ನ ಹಿಡಿದ. ಹಿದಾಯತ್ ಎದೆಮಟ್ಟದ ಒಂದು ಪೈಪು, ಅದರೊಳಗೆ ಇಳಿಯೋ ಒಂದು ಕಬ್ಬಿಣದ ಸರಳು ಮಾಡಿಕೊಟ್ಟ. "ಮ್ಯಾಲಿಂದ ಮೊಳೆ ಬಿಡು ಚಾಚಾ, ಸರಳು ಇಳಿಸಿ ಕುಕ್ಕು. ಬಗ್ಗೋ ಜರೂರತ್ತೇ ಇಲ್ಲ."

ಪೈಪು ಹೆಗಲಿಗಿಟ್ಟು ಬಕ್ಕೇಶಪ್ಪನವರ ಮನೆಗೆ ಬಂದ್ರೆ ಬಾಗಿಲಾಗೇ ಅವರ ಪಕ್ಕದ ಮನೆ ಗುರುಮೂರ್ತಿ. ರಿಟೈರಾದ ಮ್ಯಾಲೆ ಆ ರೋಡಿನ ಸೊಂಟಕ್ಕೆಲ್ಲ ಅವರೇ ಡಾಕ್ಟ್ರು.

"ಮಂಡಿ ಕೆಳಗೆ ದಿಂಬು ಇಟ್ಕೊಬೇಕು ಮಾಲತೇಶಪ್ಪ."

"ಮಲಗೋಕೆ ಬಂದಿಲ್ಲ ಸಾರ್."

"ಉಸಿರು ಬಿಡ್ತಾ ಹೊಡೀಬೇಕು."

"ಉಸಿರು ನಾನು ಬಿಡ್ತೀನಿ, ನೀವು ದಾರಿ ಬಿಡ್ರಿ."

ಆದ್ರೆ ಮೊಳೆ ನಿಂತು ಹೊಡೀಬಹುದು, ಹಲಿಗೆ ಜೋಡಿಸೋಕೆ ಬಗ್ಗಲೇಬೇಕಲ್ಲ? "ನಾನಿಲ್ವಾ, ದಿನಾ ಯೋಗ ಮಾಡ್ತೀನಿ" ಅಂತ ಗುರುಮೂರ್ತಿ ಪ್ಯಾಂಟು ಮಡಚೇಬಿಟ್ರು. ಮಾಲತೇಶಪ್ಪಗೆ ಅವರನ್ನೇ ಪೈಪಿನಾಗೆ ಇಳಿಸಿ ಕುಕ್ಕಬೇಕು ಅನ್ನಿಸ್ತು. ಪೆಟ್ಟಿಗೆ ನೆನಪಾಗಿ ಹಲ್ಲು ಕಚ್ಚಿಕೊಂಡ.

ಗುರುಮೂರ್ತಿ ಹಲಿಗೆ ಇಡೋದು, ಇವನು ಟಕ್ ಅಂತ ಮೊಳೆ ಇಳಿಸೋದು. ಮೂವತ್ತು ವರ್ಷದಿಂದ ಅವನು ಅಂಗೈ ಆಡಿಸಿ ನೋಡದೆ ಒಂದು ಹಲಿಗೇನೂ ಬಡಿದೋನಲ್ಲ. ಅವತ್ತು ಅಂಗೈ ಪೈಪಿನ ಮ್ಯಾಲೇ ಇತ್ತು. ಕನ್ನಡಕ ಕುಕ್ಕರಗಾಲಲ್ಲಿ ಕೂತು ಮೊಳೆ ನೋಡೋಕೆ ಮಾಡಿಸಿದ್ದು, ನಿಂತು ನೋಡಿದ್ರೆ ನೆಲ ಮಜ್ಜಿಗೆ ಚೆಲ್ಲಿದಂಗೆ ಕಾಣೋದು. ಮೂರು ಗಂಟೆಗೆ ಹಾಲ್ ಮುಗೀತು. ಇವನು ಲೈಟ್ ಕಂಬದಂಗೆ ನೆಟ್ಟಗೆ. ನಕ್ಕ ಕೂಡ.

ಆಗ ಬಕ್ಕೇಶಪ್ಪನವರು ಮಂಡಿಪೇಟೆ ಅಂಗಡಿಯಿಂದ ಬಂದು, ಚಪ್ಪಲಿ ಬಿಟ್ಟು, ಮೂರು ಹೆಜ್ಜೆ ಇಟ್ಟು, ಒಂದು ಕಾಲೆತ್ತಿ ನಿಂತ್ರು. ಅಂಗಾಲಾಗೆ ಬೆರಳುದ್ದದ ಸಿಬರು.

"ಏನಯ್ಯ, ನೆಲ ಹಾಕಿದ್ಯೋ, ಜಾಲಿ ಮುಳ್ಳು ಹಾಸಿದ್ಯೋ?"

ಮಾಲತೇಶಪ್ಪ ಕಾಲಿಂದ ಸವರಿ ನೋಡಿದ. ಮೆತ್ತಗೆ ಕೇಳಿದ, "ಗುರುಮೂರ್ತಿ ಸಾರ್, ಹಲಿಗೇಲಿ ನಾನು ಉಜ್ಜಿದ್ದ ನೈಸು ಮುಖ ಎಲ್ಲೈತೆ?"

"ಕೆಳಗಪ್ಪ. ಅಡೀಲಿರೋ ಮರದ ಪಟ್ಟಿ ಮ್ಯಾಲೆ ಅಲ್ಲಾಡದಂಗೆ ಕೂತ್ಕಳ್ಳಿ ಅಂತ. ಕೆಳಗಡೆ ಎಷ್ಟು ಚಂದ ಕೂತೈತೆ ಗೊತ್ತಾ?"

"ಯಾರು ನೋಡೋಕೆ ರೀ? ಇರುವೆ ಬಂದು ಮುಖ ನೋಡ್ಕಂತಾವಾ?" ಅಂತ ಚೀರಿದ್ದು ಮೂರನೇ ಕ್ರಾಸಿಗೆ ಕೇಳಿಸ್ತು.

"ಬೆಳಗ್ಗೆ ಗೃಹಪ್ರವೇಶ. ಈಗಲೇ ಕಿತ್ತು ತಿರುಗಿಸು" ಅಂದ್ರು ಬಕ್ಕೇಶಪ್ಪ.

ಮಾಲತೇಶಪ್ಪ ಹಿದಾಯತ್‌ಗೆ ಫೋನ್ ಹಚ್ಚಿದ. "ಕೀಳೋದು ನೀನು ಹೇಳೇ ಇರಲಿಲ್ಲ ಚಾಚಾ. ಅದಕ್ಕೆ ಬಗ್ಗಲೇಬೇಕು." ಯೋಗದ ಗುರುಮೂರ್ತಿ ಯಾಕೋ ಸೊಂಟ ಹಿಡಕಂಡೈತೆ ಅಂತ ಆಗಲೇ ಮನೆಗೆ ಹೋಗಿದ್ರು.

ಒಬ್ಬನೇ ಬಗ್ಗಿ ಅಷ್ಟೂ ಕಿತ್ತು ತಿರುಗಿಸಿ, ನಡುರಾತ್ರಿ ಬಗ್ಗಿದಂಗೇ ಮನೆಗೆ ಬಂದವನ ಮುಖ ನೆಲ ಬಿಟ್ಟು ಮ್ಯಾಲೇಳಲಿಲ್ಲ. "ದೇವರಾಣೆ ದುರುಗಿ, ಮುನ್ನೂರು ಮೊಳೆ, ಒಂದೂ ಬಗ್ಗಿ ಹೊಡೆದಿಲ್ಲ. ಎಲ್ಲಾ ನಿಂತ್ಕಂಡೇ."

"ಅದನ್ನ ನನ್ನ ಕಾಲಿಗೆ ಯಾಕ ಹೇಳ್ತೀಯ?" ಅಂದ್ಲು. ಬೆಳಗ್ಗೆ ಗುಜರಿ ಗಾಡಿಗೆ ಪೆಟ್ಟಿಗೆ ಹೋಯ್ತು, ಪೈಪೂ ಹೋಯ್ತು.

ನಿಜ ಹೇಳಿದ್ರೆ ಯಾರು ನಂಬ್ತಾರೆ ಕೊಟ್ಟೂರೇಶ. ಆ ಪೈಪು ಗುಜರಿಯಿಂದ ನಾನೇ ತಂದಿಟ್ಟೀನಿ. ನಿಂದೂ ಮನೆ ಏಳ್ತೈತಂತಲ್ಲ, ಹಲಿಗೆ ಜೋಡಿಸೋಕೆ ಗುರುಮೂರ್ತಿಯವರೂ ಖಾಲಿ ಅದಾರೆ, ನಾಳೆ ಕರ್ಕಂಡು ಬರ್ಲಾ? ಯಾಕ ಎದ್ದಿ, ಕೂಡ್ರು, ಇದ್ರಾಗೆ ಒಂದು ಮಾತು ಸುಳ್ಳಿದ್ರೆ ಈ ಚಾದ ಲೋಟ…