ಜಯತೀರ್ಥರ ಏಕದೇವ ಸಂಕಟ

ಜಯತೀರ್ಥರ ಹೆಸರಿನ ಕೊನೆಯಲ್ಲಿ ‘ತೀರ್ಥ’ ಇದ್ದದ್ದೇ ಆ ದಿನದ ಅನಾಹುತಕ್ಕೆ ಕಾರಣವಾಯಿತು. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ನಟ್ಟು, ಬೋಲ್ಟು, ಬೇರಿಂಗುಗಳ ನಡುವೆ ಅವರು ಯಾರ ಕಣ್ಣಿಗೂ ಬೀಳದೆ ಬದುಕಿದ್ದರು. ಹಾಗೆ ಬದುಕುವುದೇ ಅವರ ಆಸೆಯೂ ಆಗಿತ್ತು. ರಾಯಚೂರಿನ ಈ ಮನುಷ್ಯ ಎಷ್ಟು ಅಂಜುಬುರುಕರೆಂದರೆ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇವರೇ ‘ಸಾರಿ’ ಅನ್ನುತ್ತಿದ್ದರು.

ಅವತ್ತು ಬೆಳಿಗ್ಗೆ ಜನರಲ್ ಮ್ಯಾನೇಜರ್ ರಾಮಕೃಷ್ಣ ಅವರು ಕರೆಸಿದರು. ತೆಲುಗಿನವರಾದರೂ ತಾಯಿಯ ತವರು ಬಳ್ಳಾರಿಯಾದ್ದರಿಂದ ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

“ಏಮಯ್ಯಾ ತೀರ್ಥಾ, ಊಟ ಆದಮೇಲೆ ಸದ್ಭಾವನಾ ಸಭೆ ಇದೆ, ತೆಲುಸುನಾ? ಭಾಷಣಕ್ಕೆ ಬರಬೇಕಿದ್ದ ಪ್ರೊಫೆಸರಿಗೆ ಜ್ವರ. ನೀವು ಮಾತಾಡ್ತೀರಿ.”

“ನಾನಾ ಸರ್? ಏನಂತ ಸರ್?”

“ದೇವರು ಒಬ್ಬನೇ ಅನ್ನೋದನ್ನ ಯೆಹೂದಿಗಳು, ಕ್ರೈಸ್ತರು, ಮುಸ್ಲಿಮರು ಹೇಗೆ ಬೇರೆ ಬೇರೆ ತಿಳಕೊಂಡಿದ್ದಾರೆ ಅಂತ. ಮಷೀನ್ ಕೂರಿಸೋಕೆ ಇಸ್ರೇಲಿಂದ ಬಂದಿದ್ದಾರಲ್ಲ, ಎಲಿಯೇಜರ್, ಅವರೂ ಮುಂದಿನ ಸಾಲಲ್ಲೇ ಕೂತಿರ್ತಾರೆ.”

“ಸರ್, ನಾನು ಬರೀ ಬೇರಿಂಗ್ ನೋಡ್ಕೊಳ್ಳೋನು...”

“ಹೆಸರಲ್ಲೇ ತೀರ್ಥ ಇದೆ ಕದಯ್ಯಾ! ವೇದಾಂತ ನಿಮ್ಮ ರಕ್ತದಲ್ಲೇ ಇರುತ್ತೆ. ವೆಳ್ಳಂಡಿ, ಹೋಗಿ ತಯಾರಾಗಿ.”

ಜಯತೀರ್ಥರು ಹೊರಗೆ ಬಂದು ತಮ್ಮ ಮೇಜಿಗೆ ಮರಳಿದರು. ಪಕ್ಕದ ಮೇಜಿನ ವಿನಾಯಕ, ಧಾರವಾಡದವನು, ಸಮಾಧಾನ ಹೇಳಲು ಕುರ್ಚಿ ಎಳೆದುಕೊಂಡೇ ಬಂದ.

“ಸಾಹೇಬ್ರ, ಇದು ಎಂಥಾ ವಿಷಯ ಗೊತ್ತೈತೇನ್ರಿ? ಒಂದಕ್ಷರ ಆಚೀಚಿ ಆತಂದ್ರ ಮುಗೀತು. ಎಲ್ಲಾರ ಕೈಯಾಗೂ ಫೋನ್ ಅದಾವು. ನೀವು ಕುಂದ್ರೂದ್ರಾಗ ವಿಡಿಯೋ ಇಡೀ ಊರು ತಿರಗತೈತಿ. ಗೇಟಿನ ಮುಂದ ಮಂದಿ ಬಂದು ನಿಲ್ತಾರ.”

“ಯಾವ ಮಂದಿ?”

“ಮೂರೂ ಕಡೀ ಮಂದಿ ರೀ. ಆದ್ರ ನೀವು ಹೆದರಬ್ಯಾಡ್ರಿ.”

ಜಯತೀರ್ಥರು ಹೆಂಡತಿಗೆ ಫೋನು ಹಚ್ಚಿ ಸಂಗತಿ ಹೇಳಿದರು.

“ಹೊಟ್ಟಿನೋವು ಅಂತ ಹೇಳಿ ಮನೀಗೆ ಬಂದುಬಿಡ್ರಿ,” ಎಂದಳು ಪ್ರೇಮಾ.

“ಬರ್ಲಿಕ್ಕೆ ಆಗೂದಿಲ್ಲ. ಸಾಹೇಬರೇ ಹೇಳ್ಯಾರ.”

“ಹಂಗಾದ್ರ ಬರೀ ನಮಸ್ಕಾರ ಅಂದು ಕೂತುಬಿಡ್ರಿ.”

“ನಮಸ್ಕಾರ ಅನ್ನಬಹುದೋ ಇಲ್ಲೋ ಅದೂ ಗೊತ್ತಿಲ್ಲ, ಪ್ರೇಮಾ!”

ಗೊತ್ತಿದ್ದವರನ್ನೇ ಕೇಳುವುದು ಕ್ಷೇಮವೆನಿಸಿ ಅವರು ಅಕೌಂಟ್ಸಿನ ಸ್ನೇಹಲತಾ ಅವರ ಬಳಿ ಹೋದರು. ಆಕೆ ಬೀದರಿನ ಕ್ರೈಸ್ತರು, ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ.

“ತಂದೆ, ಮಗ, ಪವಿತ್ರಾತ್ಮ. ಆದ್ರ ದೇವರು ಒಬ್ಬನೇ ರೀ,” ಎಂದರು ಆಕೆ.

“ತಿಳೀತು. ಮೂರು ಮಂದಿ ಕೂಡಿ ಒಂದು ಕಮಿಟಿ ಇದ್ದಂಗ.”

ಸ್ನೇಹಲತಾ ಕನ್ನಡಕ ತೆಗೆದರು. “ಕಮಿಟಿ ಅಲ್ಲ! ಮೂರು ದೇವರಲ್ಲ, ಒಬ್ಬ ದೇವರ ಮೂರು ತುಂಡೂ ಅಲ್ಲ. ಮೂವರೂ ಪೂರ್ತಿ ದೇವರು. ಆದ್ರೂ ದೇವರು ಒಬ್ಬನೇ.”

“ಹಂಗಾದ್ರ ನಾ ಮನ್ಯಾಗ ಅಪ್ಪ, ಆಫೀಸಿನಾಗ ಗುಮಾಸ್ತ, ಬಸ್ಸಿನಾಗ ಪ್ಯಾಸೆಂಜರ್. ಹಂಗೇನ್ರಿ?”

“ಒಬ್ಬನೇ ಮೂರು ವೇಷ ಹಾಕಿದಂಗೂ ಅಲ್ಲ! ಹಿಂಗ ಕಲಿಸಿದವ್ರನ್ನ ಹಿಂದ ಚರ್ಚಿನಿಂದಾನ ಹೊರಗ ಹಾಕಿದ್ರಂತ, ನಮ್ಮ ಪಾದ್ರಿಗಳು ಹೇಳ್ಯಾರ. ಹೋಲಿಕಿ ಕೊಡಬ್ಯಾಡ್ರಿ ಅಣ್ಣಾ. ಅದು ನಂಬೂದು, ಅಳೆಯೂದಲ್ಲ.”

ಹೊರಗೆ ಹಾಕುತ್ತಾರೆ ಎಂಬ ಮಾತಷ್ಟೇ ಜಯತೀರ್ಥರ ಕಿವಿಯಲ್ಲಿ ಉಳಿಯಿತು. ಬೆವರು ಒರೆಸಿಕೊಳ್ಳುತ್ತ ಕ್ಯಾಂಟೀನಿಗೆ ಹೋದರು. ಅಲ್ಲಿ ಕಲಬುರಗಿಯ ಮುನೀರುದ್ದೀನ್ ಚಹಾ ಕುಡಿಯುತ್ತಿದ್ದರು.

“ಅಲ್ಲಾ ಒಬ್ಬನೇ ರೀ. ಅವ ಯಾರಿಗೂ ಹುಟ್ಟಿದವ ಅಲ್ಲ, ಅವನಿಗೆ ಮಕ್ಕಳೂ ಇಲ್ಲ. ಪಾಲುದಾರರಿಲ್ಲ, ಅವನಂಥಾದ್ದು ಇನ್ನೊಂದು ಇಲ್ಲ.”

“ಅಂದ್ರ ನಮ್ಮ ಜಿ.ಎಂ. ಸಾಹೇಬರಂಗ, ಎಲ್ಲಾರ ಮ್ಯಾಲೆ ಒಬ್ಬರೇ...”

“ತೋಬಾ ತೋಬಾ!” ಮುನೀರುದ್ದೀನರ ಚಹಾ ಅಂಗಿಯ ಮೇಲೆ ಚೆಲ್ಲಿತು. “ಜಿ.ಎಂ.ಗೂ ದಿಲ್ಲ್ಯಾಗ ಮ್ಯಾಲಿನವರು ಅದಾರ್ರಿ! ಅಲ್ಲಾಗ ಇನ್ನೊಬ್ಬರನ್ನ ಸಾಟಿ ಕಟ್ಟೂದು ನಮ್ಮಲ್ಲಿ ಎಲ್ಲಾದಕ್ಕಿಂತ ದೊಡ್ಡ ಪಾಪ.”

ಊಟದ ಹೊತ್ತಿನೊಳಗೆ ಜಯತೀರ್ಥರು ಎರಡು ಧರ್ಮಗಳ ದೊಡ್ಡ ತಪ್ಪುಗಳನ್ನು ಮಾಡಿ ಮುಗಿಸಿದ್ದರು. ಮೂರನೆಯದು ಬಾಕಿ ಇತ್ತು.

ಅದಕ್ಕಾಗಿ ಮಷೀನ್ ಶೆಡ್ಡಿಗೆ ಹೋದರು. ಎಲಿಯೇಜರ್ ಆರಡಿ ಎತ್ತರದ, ಕೆಂಪು ಗಡ್ಡದ ಎಂಜಿನಿಯರ್. ಜಯತೀರ್ಥರು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಆತ ನಿಧಾನವಾಗಿ ಹೇಳಿದ:

“ದೇವರು ಒಬ್ಬನೇ ಅಂತ ಬೆಳಿಗ್ಗೆ ಸಂಜೆ ಹೇಳ್ತೀವಿ. ಅವನಿಗೆ ಶರೀರವಿಲ್ಲ, ಭಾಗಗಳಿಲ್ಲ. ನಮ್ಮ ಹಿರಿಯರ ಜೊತೆ ಒಡಂಬಡಿಕೆ ಮಾಡಿಕೊಂಡವನು ಅವನು. ಅವನ ಆಜ್ಞೆಯಂತೆ ಬಾಳೋದು ನಮ್ಮ ಪಾಲಿನ ಕೆಲಸ.”

“ಅವನ ಹೆಸರೇನು ಸರ್?”

ಆತ ಗಂಭೀರನಾದ. “ಆ ಹೆಸರನ್ನು ನಾವು ಬಾಯಲ್ಲಿ ಉಚ್ಚರಿಸುವುದಿಲ್ಲ.”

ಜಯತೀರ್ಥರಿಗೆ ಮೂರನೆಯ ತಪ್ಪೂ ಆಗಿಹೋಯಿತೆಂದು ತಿಳಿಯಿತು. ‘ಸಾರಿ ಸರ್, ಸಾರಿ ಸರ್’ ಎನ್ನುತ್ತ ಹಿಂದೆ ಹಿಂದೆ ಸರಿದರು. ಅವರ ಮೊಣಕೈ ಗೋಡೆಯ ಕೆಂಪು ಗುಂಡಿಗೆ ತಗಲಿತು. ಸೈರನ್ ಕೂಗಿಕೊಂಡಿತು, ಇಡೀ ಶೆಡ್ಡಿನ ಯಂತ್ರಗಳು ಒಮ್ಮೆಗೇ ನಿಂತವು. ಎಲ್ಲರೂ ಅವರನ್ನೇ ನೋಡಿದರು. ಬಾಗಿಲಲ್ಲಿ ವಿನಾಯಕನ ಮುಖ ಕಾಣಿಸಿತು.

“ಶುರುವಾತು ನೋಡ್ರಿ,” ಎಂದ ಅವನು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸ್ನೇಹಲತಾ, ಮುನೀರುದ್ದೀನ್, ಎಲಿಯೇಜರ್, ನಡುವೆ ರಾಮಕೃಷ್ಣ. ಆ ಸಾಲಿನ ಹಿಂದೆ ಮೇಲಕ್ಕೆತ್ತಿದ ಫೋನುಗಳ ಕಾಡು. ಮೈಕಿನ ಮುಂದೆ ನಿಂತ ಜಯತೀರ್ಥರಿಗೆ ನಾಲಿಗೆ ಒಣಗಿದ ಹಪ್ಪಳದಂತಾಗಿತ್ತು. ಆದರೆ ಭಯವೇ ಅವರನ್ನು ಕಾಪಾಡಿತು. ತಮ್ಮದೆನ್ನುವ ಒಂದು ಮಾತನ್ನೂ ಸೇರಿಸುವ ಧೈರ್ಯ ಅವರಿಗಿರಲಿಲ್ಲ.

“ಮೂರೂ ಧರ್ಮದವರು ದೇವರು ಒಬ್ಬನೇ ಅಂತಾರೆ,” ಎಂದರು ಅದೇ ಹರಕುಮುರುಕು ಇಂಗ್ಲಿಷಿನಲ್ಲಿ. “ಯೆಹೂದಿಗಳಿಗೆ ಅವನು ಭಾಗಗಳಿಲ್ಲದ ಒಬ್ಬ, ಒಡಂಬಡಿಕೆ ಮಾಡಿಕೊಂಡವನು, ಆಜ್ಞೆ ಕೊಟ್ಟವನು. ಕ್ರೈಸ್ತರಿಗೆ ಆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ; ಮೂರು ದೇವರಲ್ಲ, ಮೂರು ವೇಷವೂ ಅಲ್ಲ. ಮುಸ್ಲಿಮರಿಗೆ ಅವನು ಹೆತ್ತವನೂ ಅಲ್ಲ, ಹುಟ್ಟಿದವನೂ ಅಲ್ಲ, ಸಾಟಿಯಿಲ್ಲದವನು. ‘ಒಬ್ಬ’ ಅನ್ನೋ ಮಾತು ಒಂದೇ. ಅದರ ಅರ್ಥದಲ್ಲಿ ಮೂವರೂ ಒಬ್ಬರಿಗೊಬ್ಬರು ಬಿಟ್ಟುಕೊಡೋದಿಲ್ಲ. ಬಿಟ್ಟುಕೊಡಿ ಅಂತ ಹೇಳೋಕೆ ನಾನ್ಯಾರು? ಹೋಲಿಕೆ ಕೊಡೋದಿಲ್ಲ. ಬೆಳಿಗ್ಗೆಯಿಂದ ಕೊಟ್ಟು ಸಾಕಾಗಿದೆ.”

ಸಭೆ ನಕ್ಕಿತು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಮೂವರೂ ಎದ್ದು ತಮ್ಮತ್ತ ಬರುತ್ತಿರುವುದನ್ನು ಕಂಡು ಜಯತೀರ್ಥರು ಪರದೆಯ ಹಿಂದೆ ನುಸುಳಲು ನೋಡಿದರು. ಮುನೀರುದ್ದೀನ್ ಕೈ ಹಿಡಿದೇಬಿಟ್ಟರು.

“ಒಂದೂ ತಪ್ಪು ಮಾತಾಡಲಿಲ್ಲರಿ!”

ಸ್ನೇಹಲತಾ ತಲೆದೂಗಿದರು. ಎಲಿಯೇಜರ್ ಬೆನ್ನು ತಟ್ಟಿದ ರಭಸಕ್ಕೆ ಜಯತೀರ್ಥರಿಗೆ ಕೆಮ್ಮು ಬಂತು. ಬೆಳಿಗ್ಗೆಯಿಂದ ಮೊದಲ ಸಲ ಅವರು ಪೂರ್ತಿ ಉಸಿರು ಬಿಟ್ಟರು. ಸತ್ತು ಬದುಕಿದವರ ಉತ್ಸಾಹ ಮೈತುಂಬಿತು.

ಆಗ ಹಿಂದಿನಿಂದ ವಿನಾಯಕ ಕೂಗಿದ: “ಸಾಹೇಬ್ರ, ಅವರದೆಲ್ಲ ಆತು. ನಿಮ್ಮಲ್ಲಿ ಹೆಂಗ್ರಿ?”

ತಮ್ಮ ಮನೆಯ ವಿಷಯಕ್ಕೆ ಯಾರ ಅಂಜಿಕೆ? ಜಯತೀರ್ಥರು ಮತ್ತೆ ಮೈಕು ಹಿಡಿದರು.

“ನಮ್ಮಲ್ಲಿ ಭಾಳ ಸರಳ ಅದ. ದೇವರು ಬ್ಯಾರೆ, ನಾವು ಬ್ಯಾರೆ. ಎಂದೆಂದಿಗೂ ಬ್ಯಾರೆ! ನಾನೇ ದೇವರು, ಎರಡೂ ಒಂದೇ ಅನ್ನೂದು ಬರೀ ತಲಿಕೆಟ್ಟವರ ಮಾತು.”

ಕನ್ನಡ ಬಲ್ಲವರೆಲ್ಲ ಮತ್ತೆ ನಕ್ಕರು. ರಾಮಕೃಷ್ಣ ಮಾತ್ರ ನಗಲಿಲ್ಲ.

ಸಭೆ ಮುಗಿದ ಮೇಲೆ ಅವರು ಜಯತೀರ್ಥರನ್ನು ತಮ್ಮ ಕ್ಯಾಬಿನ್ನಿಗೆ ಕರೆಸಿದರು. ಎದುರಿಗೆ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದರು. “ನಾನು ಅದ್ವೈತಿ, ತೀರ್ಥಾ. ಕಾಲೇಜಿನ ದಿನಗಳಿಂದ. ಬ್ರಹ್ಮ ಬೇರೆ ಅಲ್ಲ, ನಾನು ಬೇರೆ ಅಲ್ಲ ಅಂತ ಪ್ರತಿದಿನ ಧ್ಯಾನ ಮಾಡೋನು. ತಲೆಕೆಟ್ಟವನು.”

ಜಯತೀರ್ಥರು ಮೇಜಿನ ಅಂಚು ಹಿಡಿದುಕೊಂಡರು. “ಸರ್... ಟ್ರಾನ್ಸ್‌ಫರಾ ಸರ್?”

“ಛೇ, ಅಜ್ಞಾನಕ್ಕೆ ಶಿಕ್ಷೆ ಕೊಡ್ತಾರಾ? ಪಾಠ ಹೇಳ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ನೀವೂ ದೇವರೂ ಒಂದೇ ಅಂತ ನಿಮಗೆ ಅರಿವಾಗೋ ತನಕ.”

ಸಾಹೇಬರ ಮನೆ ಜೀಡಿಮೆಟ್ಲಾ ಕಡೆ, ಜಯತೀರ್ಥರದು ದಿಲ್‌ಸುಖ್‌ನಗರ. ಊರಿನ ಈ ತುದಿಯಿಂದ ಆ ತುದಿಗೆ, ಇದ್ದ ಒಂದೇ ರಜೆಯ ದಿನ! ಅದೂ ದೇವರಾಗುವುದಕ್ಕೆ. ಆದರೆ ಮುಳುಗುವವನಿಗೆ ಕಡ್ಡಿ ಸಿಕ್ಕಂತೆ ಒಂದು ಸಂಗತಿ ನೆನಪಾಯಿತು.

“ಆದ್ರೆ ಸರ್, ಮುಂದಿನ ತಿಂಗಳು ತಾವು ರಿಟೈರ್ ಆಗ್ತೀರಲ್ಲ?”

ರಾಮಕೃಷ್ಣರ ಮುಖ ಅರಳಿತು.

“ಅವುನು, ಹೌದು! ಒಳ್ಳೇದಾಯ್ತು ನೆನಪಿಸಿದ್ದು. ದಿಲ್‌ಸುಖ್‌ನಗರದಲ್ಲೇ ಫ್ಲಾಟ್ ತಗೊಂಡಿದ್ದೀನಿ, ನಿಮ್ಮ ಹಿಂದಿನ ಬೀದಿ. ಆಮೇಲೆ ನೀವು ಇಷ್ಟು ದೂರ ಬರೋ ಕಷ್ಟವೇ ಇಲ್ಲ. ದಿನಾ ನಾನೇ ನಿಮ್ಮ ಮನೆಗೆ ಬರ್ತೀನಿ.”